ಲೀಮೆಸ್: ಕಾವಲು ಗೋಪುರದ ಅವಶೇಷ ನೋಡುವ ಮುಂಚೆ

ಲ್ಯಾಟಿನ್‌ನಲ್ಲಿ ಲೀಮೆಸ್ ಅಂದರೆ ಮೊದಲಿಗೆ ಹೊಲಗಳ ನಡುವಿನ ಬದು, ದಾರಿ. ಆಮೇಲೆ ರೋಮ್ ಸಾಮ್ರಾಜ್ಯದ ಗಡಿಗೇ ಈ ಹೆಸರು ನಿಂತಿತು. ಜರ್ಮನಿಯಲ್ಲಿ ಲೀಮೆಸ್ ಅಂದರೆ ಸಾಮಾನ್ಯವಾಗಿ ರೈನ್ ನದಿಯಿಂದ ಡ್ಯಾನ್ಯೂಬ್ ಕಡೆಗೆ ಹೋಗುವ ಸುಮಾರು 550 ಕಿ.ಮೀ. ಗಡಿ. ಅದರುದ್ದಕ್ಕೂ ಸುಮಾರು 900 ಕಾವಲು ಗೋಪುರಗಳಿದ್ದವು. 2005ರಲ್ಲಿ ಇದು ಯುನೆಸ್ಕೋ ಪಟ್ಟಿಗೆ ಸೇರಿತು.

ಗಡಿ ಅಂದ ಕೂಡಲೇ ದೊಡ್ಡ ಕೋಟೆಗೋಡೆ ನೆನಪಾಗುತ್ತದೆ, ಅಲ್ವಾ? ಇಲ್ಲಿ ಶುರುವಾಗಿದ್ದು ಕಾಡು ಕಡಿದು ಮಾಡಿದ ದಾರಿಯಿಂದ, ಅದರ ಪಕ್ಕದ ಮರದ ಗೋಪುರಗಳಿಂದ. ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ, ಸುಮಾರು ಕ್ರಿ.ಶ. 120ರಲ್ಲಿ, ದಪ್ಪ ದಿಮ್ಮಿಗಳ ಬೇಲಿ ಬಂತು. 2ನೇ ಶತಮಾನದ ನಡುವಿನಲ್ಲಿ ಮರದ ಗೋಪುರಗಳು ಹೋಗಿ ಕಲ್ಲಿನವು ಎದ್ದವು. ಪೂರ್ವದ ರೇಷಿಯಾ ಪ್ರಾಂತ್ಯದಲ್ಲಿ ಮಾತ್ರ ಕೊನೆಗೆ ಬೇಲಿಯ ಬದಲು ಕಲ್ಲಿನ ಗೋಡೆಯನ್ನೇ ಕಟ್ಟಿದರು. ಎಷ್ಟೋ ಶತಮಾನ ಕಳೆದ ಮೇಲೆ, ಕಟ್ಟಿದವರು ಯಾರೆಂದೇ ಮರೆತ ಜನ ಅದನ್ನು ದೆವ್ವದ ಗೋಡೆ ಎಂದು ಕರೆದರು.

ಹೋಗಿ ನೋಡಿದರೆ ಸಿಗುವುದು ಹೆಚ್ಚಾಗಿ ಪಾಚಿ ಹಿಡಿದ ಚೌಕದ ಕಲ್ಲಿನ ತಳಪಾಯ, ಒಂದು ಬದಿ ನಾಲ್ಕೈದು ಮೀಟರ್, ಅಷ್ಟೇ. ಫೋಟೋ ತೆಗೆದು ಹೊರಟುಬಿಡಬೇಡಿ. ಸುತ್ತಮುತ್ತ ನೆಲ ನೋಡಿ. ಎಷ್ಟೋ ಕಡೆ ಪಕ್ಕದಲ್ಲೇ ಕಡಿಮೆ ಎತ್ತರದ ದಿಬ್ಬ, ಅದರ ಸುತ್ತ ಸಣ್ಣ ಕಂದಕ ಕಾಣುತ್ತದೆ. ಅದು ಹಳೆಯ ಮರದ ಗೋಪುರದ ಜಾಗ. ನನಗಂತೂ ಕಲ್ಲಿಗಿಂತ ಈ ದಿಬ್ಬವೇ ಜಾಸ್ತಿ ಇಷ್ಟ, ಯಾಕೆಂದರೆ ಗಡಿಯ ಎರಡು ಕಾಲ ಕೆಲವೇ ಹೆಜ್ಜೆಗಳ ಅಂತರದಲ್ಲಿ ಕಾಣಸಿಗುತ್ತದೆ.

ತಳಪಾಯದಲ್ಲಿ ಬಾಗಿಲಿನ ಗುರುತು ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಬಾಗಿಲು ಇದ್ದದ್ದು ಮೊದಲ ಮಹಡಿಯಲ್ಲಿ, ಏಣಿ ಹಾಕಿ ಹತ್ತಬೇಕಿತ್ತು. ಕೆಳಗೆ ಉಗ್ರಾಣ, ನಡುವೆ ಸೈನಿಕರ ವಾಸ, ಮೇಲೆ ಕಾವಲು. ಬೆರಳೆಣಿಕೆಯ ಈ ಸೈನಿಕರು ದೊಡ್ಡ ದಾಳಿಯನ್ನು ತಡೆಯಬೇಕು ಅಂತ ಯಾರೂ ಅಂದುಕೊಂಡಿರಲಿಲ್ಲ. ಅವರ ಕೆಲಸ ಗಡಿ ದಾಟುವವರ ಮೇಲೆ ಕಣ್ಣಿಡುವುದು, ಅಪಾಯ ಕಂಡರೆ ಸುದ್ದಿ ಮುಟ್ಟಿಸುವುದು. ಹೊಡೆದಾಟಕ್ಕೆ ಹಿಂದಿನ ಕೋಟೆಗಳಲ್ಲಿ ಪಡೆ ಇರುತ್ತಿತ್ತು. ರೋಮ್ ನಗರದ ಟ್ರೇಜನ್ ಸ್ತಂಭದಲ್ಲಿ ಡ್ಯಾನ್ಯೂಬ್ ದಡದ ಇಂಥ ಗೋಪುರಗಳ ಕೆತ್ತನೆ ಇದೆ. ಅವುಗಳಿಂದ ಪಂಜು ಹೊರಚಾಚಿದೆ.

ಫಲಕದಲ್ಲಿ 9/83 ಅಂತ ಇದ್ದರೆ ಒಂಬತ್ತನೇ ವಿಭಾಗದ 83ನೇ ಗೋಪುರ ಎಂದರ್ಥ. ಇತಿಹಾಸಕಾರ ಥಿಯೋಡರ್ ಮಾಮ್ಸೆನ್ ಮುಂದಾಳತ್ವದಲ್ಲಿ 1892ರಲ್ಲಿ ಶುರುವಾದ ಆಯೋಗ ಇಡೀ ಗಡಿಯನ್ನು 15 ವಿಭಾಗ ಮಾಡಿ ಅಳೆಯಿತು, ಆ ಲೆಕ್ಕವೇ ಇವತ್ತಿಗೂ ನಡೆಯುತ್ತಿದೆ. ಗ್ರಾಬ್ ಊರಿನ ಹತ್ತಿರ ಆ 9/83ನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಬರೀ ತಳಪಾಯ ನೋಡಿ ಎತ್ತರ ಅಂದಾಜಾಗದಿದ್ದರೆ ಅಲ್ಲಿಗೆ ಹೋಗಿ.