ನಾರ್ನಿಯಾ ಬಗ್ಗೆ ಓದುಗರ ಜಗಳ: ಇದು ‘ಹೊಂದಿಸಿ ಬರೆಯಿರಿ’ ಅಲ್ಲ

ಹೋದ ವಾರ ನನ್ನ ಅಸೈನ್‌ಮೆಂಟ್ ವಾಪಸ್ ಬಂತು. ಮಕ್ಕಳ ಸಾಹಿತ್ಯದ ಪೇಪರು. ಸಿ.ಎಸ್. ಲೂಯಿಸ್ 1950ರಲ್ಲಿ ಪ್ರಕಟಿಸಿದ, ನಾರ್ನಿಯಾ ಸರಣಿಯ ಮೊದಲ ಪುಸ್ತಕವಾದ ‘ದ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್’ ಕಾದಂಬರಿಯನ್ನು ಓದುಗರು ಹೇಗೆಲ್ಲ ಓದಿದ್ದಾರೆ ಅಂತ ನಾಲ್ಕು ಪುಟ ಬರೆಯಬೇಕಿತ್ತು. ನಾನು ಮೊದಲ ಸಾಲಲ್ಲೇ ‘ಇದೊಂದು ಕ್ರಿಶ್ಚಿಯನ್ ಅನ್ಯೋಕ್ತಿ’ ಅಂತ ಬರೆದು, ಉಳಿದ ಅಭಿಪ್ರಾಯಗಳನ್ನೆಲ್ಲ ಅದರ ಕೆಳಗೆ ಪೇರಿಸಿದ್ದೆ. ಮೇಡಮ್ ಆ ಸಾಲಿನ ಪಕ್ಕ ಕೆಂಪು ಪೆನ್ನಿನಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: ‘ಹಾಗಾದರೆ ಎಡ್ಮಂಡ್ ಯಾರು?’

ಎರಡು ದಿನ ತಲೆ ಕೆರೆದುಕೊಂಡೆ. ಈಗ ಅರ್ಥವಾಗಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕಥೆ ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ. ಬಟ್ಟೆ ಬೀರಿನ ಮೂಲಕ ನಾರ್ನಿಯಾ ಎಂಬ ಲೋಕಕ್ಕೆ ಹೋಗುವ ನಾಲ್ಕು ಮಕ್ಕಳು (ಪೀಟರ್, ಸೂಸನ್, ಎಡ್ಮಂಡ್, ಲೂಸಿ), ಮುಗಿಯದ ಚಳಿಗಾಲ, ಮಿಠಾಯಿ ಕೊಟ್ಟು ಎಡ್ಮಂಡ್‌ನನ್ನು ಒಲಿಸಿಕೊಳ್ಳುವ ಬಿಳಿ ಮಾಟಗಾತಿ, ಅವನ ಬದಲಿಗೆ ಸಾಯುವ ಆಸ್ಲಾನ್ ಎಂಬ ಸಿಂಹ. ಅಷ್ಟು ನೆನಪಿದ್ದರೆ ಸಾಕು.

ಎಡ್ಮಂಡ್ ಪ್ರಶ್ನೆ

ಅನ್ಯೋಕ್ತಿ, ಅಂದರೆ ಕ್ಲಾಸಿನಲ್ಲಿ ನಾವೆಲ್ಲ ಅಲಿಗರಿ ಅನ್ನುವುದು, ನನ್ನ ಲೆಕ್ಕದಲ್ಲಿ ‘ಹೊಂದಿಸಿ ಬರೆಯಿರಿ’ ಇದ್ದ ಹಾಗೆ. ಎಡಗಡೆ ಕಥೆಯ ಪಾತ್ರಗಳು, ಬಲಗಡೆ ಅವು ನಿಜವಾಗಿ ಏನು ಅನ್ನುವ ಪಟ್ಟಿ. ಗೆರೆ ಎಳೆಯುತ್ತಾ ಹೋದರೆ ಆಯಿತು. ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ಯಾತ್ರಿಕನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಬಾಸೆಲ್ ಮಿಷನ್‌ನವರು 19ನೇ ಶತಮಾನದಲ್ಲೇ ಅದನ್ನು ‘ಯಾತ್ರಿಕನ ಸಂಚಾರ’ ಅಂತ ಕನ್ನಡಕ್ಕೆ ತಂದಿದ್ದರು. ಅದರಲ್ಲಿ ಹತಾಶೆ ಅನ್ನುವ ಹೆಸರಿನ ಒಬ್ಬ ರಾಕ್ಷಸ ಬರುತ್ತಾನೆ. ಅವನು ಯಾರು ಅಂತ ಕೇಳಬೇಕಾಗಿಯೇ ಇಲ್ಲ. ಹತಾಶೆಗೇ ಕೈಕಾಲು ಬಂದಿದೆ, ಅಷ್ಟೆ.

ಈಗ ಇದೇ ಆಟವನ್ನು ನಾರ್ನಿಯಾ ಮೇಲೆ ಆಡೋಣ. ಆಸ್ಲಾನ್ ಅಂದರೆ ಏಸು. ಗೆರೆ ಎಳೆದೆ. ಕಲ್ಲಿನ ಮೇಜಿನ ಮೇಲೆ ಸಾಯುತ್ತಾನೆ, ಬೆಳಗಾಗುವ ಹೊತ್ತಿಗೆ ಎದ್ದು ಬರುತ್ತಾನೆ, ಮೊದಲು ನೋಡುವವರು ಇಬ್ಬರು ಹುಡುಗಿಯರು. ಬೈಬಲ್ಲಿನಲ್ಲೂ ಬರಿದಾದ ಸಮಾಧಿಯನ್ನು ಮೊದಲು ಕಾಣುವವರು ಹೆಂಗಸರು. ಇಲ್ಲಿಯವರೆಗೆ ಎಲ್ಲ ಸರಿ. ನಾನು ಪುಸ್ತಕ ಮುಚ್ಚಿಟ್ಟು ಉತ್ತರ ಬರೆಯಲು ಕೂತಿದ್ದು ಇಲ್ಲೇ. ಎಡವಿದ್ದೂ ಇಲ್ಲೇ.

ಎಡ್ಮಂಡ್ ಯೂದನಾ? ದ್ರೋಹ ಮಾಡಿದವನು ಅಂತ ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಯೂದ ಮೋಸ ಮಾಡಿದ್ದು ಏಸುವಿಗೆ. ಎಡ್ಮಂಡ್ ಮೋಸ ಮಾಡಿದ್ದು ತನ್ನ ಅಣ್ಣ, ಅಕ್ಕ, ತಂಗಿಗೆ. ಆಗ ಅವನು ಆಸ್ಲಾನ್‌ನ ಮುಖವನ್ನೂ ನೋಡಿರಲಿಲ್ಲ. ಯೂದ ನೇಣು ಹಾಕಿಕೊಂಡ. ಎಡ್ಮಂಡ್ ರಾಜನಾಗಿ ‘ನ್ಯಾಯವಂತ’ ಅನ್ನುವ ಬಿರುದು ಪಡೆದ.

ಹಾಗಾದರೆ ಆದಾಮನಾ? ತಿನ್ನಬಾರದ್ದನ್ನು ತಿಂದ, ಸರಿ. ಆದರೆ ಆ ಮಿಠಾಯಿ ತಿನ್ನಬೇಡ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಹಾಗಾದರೆ ಇಡೀ ಮನುಷ್ಯಕುಲವಾ? ಪಾಪ ಮಾಡಿದ ನಮ್ಮೆಲ್ಲರ ಪ್ರತಿನಿಧಿ? ಇದು ಎಲ್ಲಕ್ಕಿಂತ ಹತ್ತಿರದ ಉತ್ತರ, ನಾನು ಒಂದು ಸಂಜೆ ಪೂರ್ತಿ ಇದಕ್ಕೇ ಜೋತುಬಿದ್ದಿದ್ದೆ. ಆದರೆ ಪುಸ್ತಕದಲ್ಲಿ ಮಾಟಗಾತಿ ಕೇಳುವುದು ಒಬ್ಬನ ಜೀವ ಮಾತ್ರ, ಆಸ್ಲಾನ್ ಪ್ರಾಣ ಕೊಡುವುದೂ ಆ ಒಬ್ಬನ ಬದಲಿಗೆ. ಪೀಟರ್, ಸೂಸನ್, ಲೂಸಿ ಆ ಲೆಕ್ಕದಲ್ಲೇ ಇಲ್ಲ. ಅವರು ಮನುಷ್ಯಕುಲ ಅಲ್ವಾ?

ಮಾಟಗಾತಿಯೂ ಪೂರ್ತಿ ಸೈತಾನನಾಗಿ ಹೊಂದುವುದಿಲ್ಲ. ದ್ರೋಹಿಗಳನ್ನು ಕೊಲ್ಲುವ ಹಕ್ಕು ಅವಳಿಗೆ ಆ ಲೋಕದ ಹಳೆಯ ಕಟ್ಟಳೆಯಿಂದಲೇ ಬಂದಿದೆ. ಇನ್ನು ಮಕ್ಕಳಿಗೆ ನೆರವಾಗುವ, ಮಾತಾಡುವ ಪ್ರಾಣಿಗಳಾದ ಬೀವರ್ ದಂಪತಿ? ಓಡಿಹೋಗುವ ಗಡಿಬಿಡಿಯಲ್ಲಿ ಮಿಸೆಸ್ ಬೀವರ್ ತನ್ನ ಹೊಲಿಗೆ ಮಿಷನ್ ತರಬಹುದೇ ಅಂತ ಕೇಳುತ್ತಾಳಲ್ಲ, ಅದಕ್ಕೆ ಬಲಗಡೆ ಏನು ಬರೆಯಬೇಕು? ಎಡಗಡೆ ಪಟ್ಟಿ ಬೆಳೆಯುತ್ತಲೇ ಇತ್ತು, ಬಲಗಡೆ ಖಾಲಿ.

ಅವತಾರ ಅಂದುಕೊಂಡ ಮೇಲೆ

ಲೂಯಿಸ್ ತಾನು ಬರೆದದ್ದು ಅನ್ಯೋಕ್ತಿ ಅಲ್ಲ ಅಂತ ಮತ್ತೆ ಮತ್ತೆ ಹೇಳಿದ್ದಾನೆ. ಸುಮ್ನೆ ಜಾರಿಕೊಳ್ಳುವ ಮಾತು ಅಂತ ನಾನು ಅದನ್ನು ಬಿಟ್ಟುಬಿಟ್ಟಿದ್ದೆ. ಆದರೆ ಈತ ಮಧ್ಯಯುಗದ ಅನ್ಯೋಕ್ತಿ ಕಾವ್ಯಗಳ ಬಗ್ಗೆ 1936ರಲ್ಲೇ ದೊಡ್ಡ ಪುಸ್ತಕ ಬರೆದ ಆಕ್ಸ್‌ಫರ್ಡ್ ಮೇಷ್ಟ್ರು. ಆ ಪದವನ್ನು ಅಳೆದು ತೂಗಿ ಬಳಸುವವನು. 1958ರ ಒಂದು ಪತ್ರದಲ್ಲಿ ಬನ್ಯನ್‌ನ ಅದೇ ರಾಕ್ಷಸನನ್ನು ಎಳೆದು ತಂದು ವ್ಯತ್ಯಾಸ ವಿವರಿಸುತ್ತಾನೆ. ಹತಾಶೆಯನ್ನು ರಾಕ್ಷಸ ಪ್ರತಿನಿಧಿಸುವಂತೆ ಆಸ್ಲಾನ್ ದೇವರನ್ನು ಪ್ರತಿನಿಧಿಸಿದ್ದರೆ ಅದು ಅನ್ಯೋಕ್ತಿ ಆಗುತ್ತಿತ್ತು. ತನ್ನದು ಹಾಗಲ್ಲ. ಒಂದು ವೇಳೆ ನಾರ್ನಿಯಾದಂಥ ಲೋಕ ನಿಜವಾಗಿ ಇದ್ದು, ಕ್ರಿಸ್ತ ಅಲ್ಲೂ ದೇಹ ಧರಿಸಿ ಬಂದು, ಸತ್ತು, ಮತ್ತೆ ಎದ್ದಿದ್ದರೆ ಹೇಗಿರುತ್ತಿದ್ದ? ಆ ಪ್ರಶ್ನೆಗೆ ಕಲ್ಪನೆಯ ಉತ್ತರವೇ ಆಸ್ಲಾನ್ ಅನ್ನುತ್ತಾನೆ.

ಇದನ್ನು ಮೂರು ಸಲ ಓದಿದೆ. ‘ಪ್ರತಿನಿಧಿಸುವುದು’ ಮತ್ತು ‘ಅವನೇ ಆಗಿರುವುದು’, ಎರಡೂ ಒಂದೇ ಅಲ್ವಾ ಅನ್ನಿಸಿತು. ಪಾತ್ರೆ ತೊಳೆಯುತ್ತಿದ್ದಾಗ ತಟ್ಟನೆ ಹೊಳೆಯಿತು. ಇದು ನಮಗೆ ಗೊತ್ತಿರುವ ವಿಷಯವೇ. ರಾಮ ವಿಷ್ಣುವಿನ ಸಂಕೇತ ಅಂತ ನಮ್ಮಜ್ಜಿಯ ಹತ್ತಿರ ಹೇಳಿ ನೋಡಿ. ಬೈಸಿಕೊಳ್ಳುತ್ತೀರಿ. ರಾಮ ವಿಷ್ಣುವಿನ ಸಂಕೇತ ಅಲ್ಲ, ವಿಷ್ಣುವೇ. ಬೇರೆ ಯುಗ, ಬೇರೆ ಮೈ, ಬೇರೆ ಕೆಲಸ. ಕೃಷ್ಣನೂ ವಿಷ್ಣುವೇ. ಹಾಗಂತ ಕೃಷ್ಣನ ಕಥೆಯಲ್ಲಿ ಕೈಕೇಯಿ ಯಾರು, ಮಂಥರೆ ಯಾರು ಅಂತ ಯಾರಾದರೂ ಹುಡುಕುತ್ತಾರಾ? ಇಲ್ಲ. ದೇವರು ಒಬ್ಬನೇ, ಕಥೆಗಳು ಎರಡು. ಒಂದು ಇನ್ನೊಂದರ ನಕಲು ಅಲ್ಲ.

ಹಾಗೆ ನೋಡಿದರೆ ಎಡ್ಮಂಡ್ ಯಾರೂ ಅಲ್ಲ. ಎಡ್ಮಂಡ್ ಎಡ್ಮಂಡೇ. ಸಿಹಿಗೆ ಆಸೆಪಟ್ಟು, ಅಣ್ಣನ ಮೇಲಿನ ಸಿಟ್ಟಿಗೆ ಕೆಟ್ಟ ಕೆಲಸ ಮಾಡಿದ ಒಬ್ಬ ಹುಡುಗ. ಆ ಲೋಕದ ಆ ಹುಡುಗನಿಗಾಗಿ ಆ ಲೋಕದ ಸಿಂಹ ಸಾಯುತ್ತದೆ. ನಮ್ಮ ಲೋಕದ ಘಟನೆಗೂ ಇದಕ್ಕೂ ಹೋಲಿಕೆ ಇರುವುದು ಎರಡೂ ಕಡೆ ಬಂದವನು ಒಬ್ಬನೇ ಆದ್ದರಿಂದ.

ಪುಸ್ತಕಗಳಲ್ಲೇ ಇದಕ್ಕೆ ಪುರಾವೆ ಬೇಕು ಅಂದರೆ 1952ರ ಕಂತಿನ ಕೊನೆ ನೋಡಿ, ಮಕ್ಕಳು ಹಡಗಿನಲ್ಲಿ ಹೋಗುವ ಕಥೆ. ನಿಮ್ಮ ಲೋಕದಲ್ಲೂ ನಾನಿದ್ದೇನೆ, ಅಲ್ಲಿ ನನಗೆ ಬೇರೆ ಹೆಸರಿದೆ ಅಂತ ಆಸ್ಲಾನ್ ಹೇಳುತ್ತಾನೆ. ಸಂಕೇತ ಹೀಗೆ ಮಾತಾಡುವುದಿಲ್ಲ.

ಇನ್ನೊಂದು ವಿಷಯ ನನಗೆ ತುಂಬ ಇಷ್ಟವಾಯಿತು. ಲೂಯಿಸ್ ಧರ್ಮದ ಪಾಠಗಳ ಪಟ್ಟಿ ಹಿಡಿದು ಬರೆಯಲು ಕೂತವನಲ್ಲ. ಹದಿನಾರು ವರ್ಷದವನಿದ್ದಾಗ ಅವನ ತಲೆಯಲ್ಲಿ ಒಂದು ಚಿತ್ರ ಬಂದಿತ್ತು. ಹಿಮ ಬಿದ್ದ ಕಾಡು, ಅರ್ಧ ಮನುಷ್ಯ ಅರ್ಧ ಮೇಕೆಯಂಥ ಒಬ್ಬ ಫಾನ್, ಕೈಯಲ್ಲಿ ಕೊಡೆ, ಪೊಟ್ಟಣಗಳು. ಕಥೆ ಶುರುವಾದದ್ದು ಅಲ್ಲಿಂದ. ಸಿಂಹ ಆಮೇಲೆ ಜಿಗಿದು ಬಂತು.

ಒಂದು ಎಚ್ಚರಿಕೆ. ‘ಅವತಾರ’ ನಾನು ನೆನಪಿಟ್ಟುಕೊಳ್ಳಲು ಹಿಡಿದ ಅಡ್ಡದಾರಿ, ಅಷ್ಟೆ. ಲೂಯಿಸ್ ನಮ್ಮ ಪುರಾಣದಿಂದ ತಗೊಂಡ ಅಂತ ಪರೀಕ್ಷೆಯಲ್ಲಿ ಬರೆದುಬಿಡಬೇಡಿ. ಕ್ರೈಸ್ತರ ನಂಬಿಕೆಯಲ್ಲಿ ದೇವರು ದೇಹ ಧರಿಸಿ ಬಂದದ್ದು ಒಂದೇ ಸಲ. ಎರಡನೆಯದು ಇಲ್ಲಿ ‘ಒಂದು ವೇಳೆ’ ಮಾತ್ರ. ಸಿಂಹ ಅಂದ ತಕ್ಷಣ ನರಸಿಂಹನ ಹತ್ತಿರವೂ ಹೋಗಬೇಡಿ. ನಾನು ಅರ್ಧ ಪುಟ ಹೋಗಿ ವಾಪಸ್ ಬಂದೆ.

ಈಗ ಓದುಗರ ಕಡೆಗೆ

ಅಸಲಿಗೆ ಕೇಳಿದ್ದು ಇದನ್ನೇ. ಆದರೆ ಮೇಲಿನ ಗಂಟು ಬಿಚ್ಚಿದ ಮೇಲೆ ಯಾರ ಸಿಟ್ಟು ಯಾವುದರ ಮೇಲೆ ಅಂತ ಬೇರೆ ಮಾಡುವುದು ಸುಲಭ.

ಟೋಲ್ಕಿನ್‌ನಿಂದ ಶುರು ಮಾಡುತ್ತೇನೆ. ಲೂಯಿಸ್‌ನ ಗೆಳೆಯ. 1931ರಲ್ಲಿ ಲೂಯಿಸ್ ಮತ್ತೆ ಕ್ರೈಸ್ತನಾಗಲು ಅವನ ಜೊತೆಗಿನ ಒಂದು ರಾತ್ರಿಯ ಮಾತುಕತೆಯೂ ಕಾರಣ. ಅವನಿಗೇ ನಾರ್ನಿಯಾ ಹಿಡಿಸಲಿಲ್ಲ. ಅನ್ಯೋಕ್ತಿ ಕಂಡರಾಗದು ಅಂತ ತನ್ನ ದೊಡ್ಡ ಕಾದಂಬರಿ ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಮುನ್ನುಡಿಯಲ್ಲಿ ಟೋಲ್ಕಿನ್ ಬರೆದದ್ದು ಪ್ರಸಿದ್ಧ. ನಾನು ಅದೂ ಇದೂ ಸೇರಿಸಿ ‘ಅದಕ್ಕೇ ಅವನಿಗೆ ನಾರ್ನಿಯಾ ಇಷ್ಟವಾಗಲಿಲ್ಲ’ ಅಂತ ಬರೆದೆ. ಹಾಗೆ ಜೋಡಿಸಬೇಡಿ. ಆ ಮುನ್ನುಡಿಯಲ್ಲಿ ಅವನು ಮಾತಾಡುತ್ತಿರುವುದು ತನ್ನ ಪುಸ್ತಕದ ಬಗ್ಗೆ. ನಾರ್ನಿಯಾ ವಿಷಯದಲ್ಲಿ ಅವನನ್ನು ಬಲ್ಲವರು ಹೇಳುವ ಕಾರಣ ಬೇರೆ. ರೋಮನ್ನರ ಫಾನ್, ಮಾತಾಡುವ ಬೀವರ್, ಇಂಗ್ಲಿಷರ ಕ್ರಿಸ್‌ಮಸ್ ತಾತ, ಎಲ್ಲರನ್ನೂ ಒಂದೇ ಕಾಡಿಗೆ ತಂದು ಬಿಟ್ಟದ್ದು ಅವನಿಗೆ ಕಲಸುಮೇಲೋಗರ ಅನ್ನಿಸಿತು. ತನ್ನ ಲೋಕಕ್ಕೆ ಭಾಷೆ, ಭೂಪಟ, ಚರಿತ್ರೆ ಎಲ್ಲ ಕಟ್ಟಲು ವರ್ಷಗಟ್ಟಲೆ ಕೂತವನು ಅವನು. ಬೇಜಾರಾಗದೆ ಇರುತ್ತಾ?

ಎರಡನೆಯ ಗುಂಪು, ಮೋಸ ಹೋದೆವು ಅನ್ನುವವರು. ಚಿಕ್ಕಂದಿನಲ್ಲಿ ಈ ಪುಸ್ತಕಗಳನ್ನು ಪ್ರಾಣದಂತೆ ಪ್ರೀತಿಸಿ, ಸ್ವಲ್ಪ ದೊಡ್ಡವರಾದ ಮೇಲೆ ಇದರಲ್ಲಿ ಚರ್ಚು ಇದೆ ಅಂತ ಗೊತ್ತಾಗಿ ನೊಂದವರು. ಇಂಗ್ಲಿಷ್ ಕಾದಂಬರಿಕಾರ ನೀಲ್ ಗೈಮನ್ ಇದನ್ನು ಹೇಳಿಕೊಂಡಿದ್ದಾನೆ. ಅಮೆರಿಕದ ವಿಮರ್ಶಕಿ ಲಾರಾ ಮಿಲ್ಲರ್ 2008ರಲ್ಲಿ ಈ ನೋವಿನ ಬಗ್ಗೆಯೇ ಒಂದಿಡೀ ಪುಸ್ತಕ ಬರೆದಳು. ಮತ್ತೆ ಆ ಲೋಕಕ್ಕೆ ಹೇಗೆ ಹೋಗುವುದು ಅಂತ ದಾರಿಯನ್ನೂ ಹುಡುಕಿದಳು. ಇವರಿಗೆ ‘ಅದು ಅನ್ಯೋಕ್ತಿ ಅಲ್ಲ, ಒಂದು ವೇಳೆ ಕಥೆ’ ಅಂದರೆ ಸಮಾಧಾನ ಆಗುವುದಿಲ್ಲ. ನನಗೆ ಹೇಳದೆ ಮಾಡಿದೆಯಲ್ಲ ಅನ್ನುವುದು ಅವರ ದೂರು. ಗೆರೆ ಎಳೆದು ಮಾಡಿದರೇನು, ಅವತಾರ ಎತ್ತಿಸಿ ಮಾಡಿದರೇನು. ನನ್ನ ಅಡ್ಡದಾರಿಗೆ ಇಲ್ಲಿ ಕೆಲಸವಿಲ್ಲ. ಕ್ರೈಸ್ತ ಕಥೆ ಗೊತ್ತಿಲ್ಲದೆ ಬೆಳೆದ ನನ್ನಂಥವರಿಗೆ ಈ ನೋವು ಅಷ್ಟಾಗಿ ತಟ್ಟುವುದೂ ಇಲ್ಲ. ನಾನು ಓದಿದಾಗ ಆಸ್ಲಾನ್ ಒಂದು ದೊಡ್ಡ, ಬೆಚ್ಚಗಿನ ಸಿಂಹ ಅಷ್ಟೆ.

ಇಂಗ್ಲಿಷ್ ಮಕ್ಕಳ ಲೇಖಕ ಫಿಲಿಪ್ ಪುಲ್‌ಮನ್ 1998ರಲ್ಲಿ ಗಾರ್ಡಿಯನ್ ಪತ್ರಿಕೆಯಲ್ಲಿ ಬರೆದದ್ದು ಎಲ್ಲಕ್ಕಿಂತ ಖಾರ. ಅವನ ತಕರಾರು ಕಥೆಯ ವಿಧಾನದ ಮೇಲಲ್ಲ, ಒಳಗಿನ ಮೌಲ್ಯಗಳ ಮೇಲೆ. ಹೆಣ್ಣುಮಕ್ಕಳನ್ನು, ಬೇರೆ ಬಣ್ಣದವರನ್ನು ಕೀಳಾಗಿ ಕಾಣುವುದು, ಬದುಕಿಗಿಂತ ಸಾವೇ ಮೇಲು ಅನ್ನುವ ಮುಕ್ತಾಯ. ಬಣ್ಣದ ವಿಷಯಕ್ಕೆ ಉತ್ತರ ಕೊಡುವುದು ಕಷ್ಟ. ಪೇಟ ಸುತ್ತಿ, ಕಪ್ಪು ಮೈಬಣ್ಣ ಹೊತ್ತ, ಮುಂದಿನ ಕಂತುಗಳಲ್ಲಿ ಬರುವ ಕ್ಯಾಲೊರ್ಮೆನ್ ದೇಶದ ಜನರನ್ನು ಚಿತ್ರಿಸಿದ ರೀತಿ ಓದುವಾಗ ನನಗೂ ಚುಚ್ಚಿತು.

ಸೂಸನ್

ಇದು 1956ರ ಕೊನೆಯ ಕಂತಿನ ವಿಷಯ. ಆದರೆ ಓದುಗರು ಮೊದಲ ಪುಸ್ತಕದ ಬಗ್ಗೆ ಮಾತಾಡುವಾಗಲೂ ಇಲ್ಲಿಗೇ ಬರುತ್ತಾರೆ. ಉಳಿದವರೆಲ್ಲ ರೈಲು ಅಪಘಾತದಲ್ಲಿ ಸತ್ತು ನಿಜವಾದ ನಾರ್ನಿಯಾ ಸೇರುತ್ತಾರೆ. ಸೂಸನ್ ಬರುವುದಿಲ್ಲ. ಲಿಪ್‌ಸ್ಟಿಕ್ ಹಚ್ಚಿದ್ದಕ್ಕೆ ಅವಳನ್ನು ಹೊರಗಿಟ್ಟರು ಅನ್ನುವ ಅರ್ಥದ ಮಾತನ್ನು ಜೆ.ಕೆ. ರೌಲಿಂಗ್ ಕೂಡ ಆಡಿದ್ದಾಳೆ. ಗೈಮನ್ 2004ರಲ್ಲಿ ಸೂಸನ್ ಮೇಲೆ ಒಂದು ಸಣ್ಣಕಥೆಯನ್ನೇ ಬರೆದ.

ಆ ಪುಟವನ್ನು ನಿಧಾನವಾಗಿ ಓದಿ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಲಿಪ್‌ಸ್ಟಿಕ್ ಮಾತು ಆಡುವವಳು ಜಿಲ್, ಮುಂದಿನ ಕಂತುಗಳಲ್ಲಿ ಬರುವ ಹುಡುಗಿ. ಆ ನಾಲ್ವರ ಸೋದರಸಂಬಂಧಿ ಯೂಸ್ಟಸ್ ಹೇಳುವುದು ಬೇರೆ: ನಾರ್ನಿಯಾ ಮಾತು ತೆಗೆದರೆ ಸೂಸನ್, ಚಿಕ್ಕಂದಿನ ಆಟ ಇನ್ನೂ ನೆನಪಿದೆಯಾ ಅಂತ ತಮಾಷೆ ಮಾಡುತ್ತಾಳೆ. ನನ್ನ ಪ್ರಕಾರ ಕಾರಣ ಇರುವುದು ಯೂಸ್ಟಸ್ ಮಾತಿನಲ್ಲಿ. ಜೊತೆಗೆ, ಅವಳು ಸತ್ತಿಲ್ಲ. ಒಬ್ಬ ಹುಡುಗನಿಗೆ ಬರೆದ ಪತ್ರದಲ್ಲಿ ಲೂಯಿಸ್, ಅವಳಿಗೆ ಇನ್ನೂ ಸಮಯವಿದೆ, ತನ್ನದೇ ದಾರಿಯಲ್ಲಿ ಬರಬಹುದು ಅನ್ನುತ್ತಾನೆ. ಇಷ್ಟೆಲ್ಲ ಸರಿ. ಆದರೂ ಒಂದೇ ದಿನ ಅಪ್ಪ, ಅಮ್ಮ, ಅಣ್ಣ, ತಮ್ಮ, ತಂಗಿ ಎಲ್ಲರನ್ನೂ ಕಳೆದುಕೊಂಡ ಹುಡುಗಿಯ ಬಗ್ಗೆ ಪುಸ್ತಕದಲ್ಲಿ ಯಾರೂ ಒಂದು ಕಣ್ಣೀರು ಹಾಕುವುದಿಲ್ಲ. ಪತ್ರದಿಂದ ಅದು ತುಂಬುವುದಿಲ್ಲ. ಈ ವಿಷಯದಲ್ಲಿ ನಾನು ಗೈಮನ್ ಕಡೆ.

ಚಿಲ್ಲರೆ ವಿಷಯಗಳು

ಓದುವ ಕ್ರಮದ ಜಗಳ: ನಾರ್ನಿಯಾ ಹುಟ್ಟಿದ ಕಥೆ ಬಂದದ್ದು 1955ರಲ್ಲಿ. ಈಗಿನ ಮುದ್ರಣಗಳಲ್ಲಿ ಅದಕ್ಕೇ 1ನೇ ನಂಬರ್. 1957ರಲ್ಲಿ ಹಾಗೆ ಕಾಲಕ್ರಮದಲ್ಲಿ ಓದಬೇಕು ಅಂದ ಅಮೆರಿಕದ ಹುಡುಗನಿಗೆ ಲೂಯಿಸ್ ನಿನ್ನ ಕ್ರಮವೇ ಸರಿ ಅನ್ನಿಸುತ್ತದೆ ಅಂತ ಬರೆದ. ಯಾವ ಕ್ರಮವಾದರೂ ದೊಡ್ಡ ವ್ಯತ್ಯಾಸವಿಲ್ಲ ಅಂತಲೂ ಸೇರಿಸಿದ. ನನ್ನ ಮತ ಬಟ್ಟೆ ಬೀರಿನ ಕಥೆಗೆ. ಆಸ್ಲಾನ್ ಹೆಸರು ಮೊದಲು ಬಂದಾಗ, ಅವನು ಯಾರು ಅಂತ ನಿಮಗೆ ಗೊತ್ತಿಲ್ಲದ ಹಾಗೆ ಆ ಮಕ್ಕಳಿಗೂ ಗೊತ್ತಿರಲಿಲ್ಲ ಅಂತ ಕಥೆ ಹೇಳುವವನು ಹೇಳುತ್ತಾನೆ. ಆ ಸಾಲಿಗೆ ಅರ್ಥ ಬರುವುದು ಇದನ್ನೇ ಮೊದಲು ಓದಿದರೆ.

ಮಿಠಾಯಿ: ಟರ್ಕಿಶ್ ಡಿಲೈಟ್ ತಿಂದು ‘ಇದಕ್ಕಾ ಮನೆಯವರನ್ನು ಮಾರಿದ್ದು?’ ಅಂತ ಬೈಯುವ ಓದುಗರು ಬೇಕಾದಷ್ಟು. ಬಾಂಬೆ ಹಲ್ವಾದ ದೂರದ ನೆಂಟ ಅಂದುಕೊಳ್ಳಿ. ಆದರೆ ಪುಸ್ತಕ ಬಂದಾಗ ಬ್ರಿಟನ್ನಿನಲ್ಲಿ ಮಿಠಾಯಿಗೆ ರೇಷನ್ ಇತ್ತು, ಹೋದದ್ದು 1953ರಲ್ಲಿ. ಆಗಿನ ಮಗುವಿಗೆ ಡಬ್ಬಿ ತುಂಬ ಸಿಹಿ ಅಂದರೆ ಅದೇ ಒಂದು ಮಾಟ.

ಕ್ರಿಸ್‌ಮಸ್ ತಾತ

ಇವನನ್ನು ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ನನ್ನ ಅಡ್ಡದಾರಿಯನ್ನು ಕೆಡಿಸುವವನು ಇವನೇ. ಮಾಟಗಾತಿಯ ಆಳ್ವಿಕೆಯಲ್ಲಿ ನಾರ್ನಿಯಾದಲ್ಲಿ ಯಾವಾಗಲೂ ಚಳಿಗಾಲ, ಆದರೆ ಕ್ರಿಸ್‌ಮಸ್ ಬರುವುದೇ ಇಲ್ಲ. ಹಿಮ ಕರಗುವ ಹೊತ್ತಿಗೆ ಕ್ರಿಸ್‌ಮಸ್ ತಾತ ಗಾಡಿ ಹೊಡೆದುಕೊಂಡು ಬಂದು ಪೀಟರ್‌ಗೆ ಕತ್ತಿ, ಸೂಸನ್‌ಗೆ ಬಿಲ್ಲು, ಲೂಸಿಗೆ ಔಷಧಿ ಕೊಡುತ್ತಾನೆ. ಚೆನ್ನಾಗಿದೆ. ಆದರೆ ಕ್ರಿಸ್‌ಮಸ್ ಅಂದರೆ ಏಸು ಹುಟ್ಟಿದ ದಿನ. ನಾರ್ನಿಯಾದಲ್ಲಿ ಅವನು ಬಂದದ್ದು ಆಸ್ಲಾನ್ ಆಗಿ. ಹಾಗಾದರೆ ಅಲ್ಲಿ ಕ್ರಿಸ್‌ಮಸ್ ಯಾರ ಹುಟ್ಟುಹಬ್ಬ? ಕೃಷ್ಣನ ದ್ವಾರಕೆಯೊಳಗೆ ಯಾರೋ ಬಂದು, ವಿಷ್ಣುವಿನದೇ ಇನ್ನೊಂದು ಅವತಾರದ ಜಯಂತಿ ಅಂತ ಪಾನಕ ಹಂಚಿದ ಹಾಗಾಯಿತು.

ಹಸ್ತಪ್ರತಿ ಓದಿದ ಗೆಳೆಯ ರೋಜರ್ ಲ್ಯಾನ್ಸ್‌ಲಿನ್ ಗ್ರೀನ್ ಇವನನ್ನು ತೆಗೆದುಬಿಡು ಅಂತ ಲೂಯಿಸ್‌ಗೆ ಹೇಳಿದ್ದ. ಲೂಯಿಸ್ ತೆಗೆಯಲಿಲ್ಲ. ಎಡ್ಮಂಡ್ ಯಾರು ಅನ್ನುವುದಕ್ಕೆ ತಿದ್ದಿದ ಪ್ರತಿಯಲ್ಲಿ ಒಂದು ಪುಟ ಬರೆದಿದ್ದೇನೆ. ಇದನ್ನೂ ಸೇರಿಸಿದ್ದೇನೆ. ಸೋಮವಾರ ಕೊಡಬೇಕು. ಈ ಸಲ ಕೆಂಪು ಪೆನ್ನಿನಲ್ಲಿ ‘ಹಾಗಾದರೆ ತಾತ ಯಾರು?’ ಅಂತ ಬರುವ ಮೊದಲು ನಾನೇ ಆ ಪ್ರಶ್ನೆಯನ್ನು ಅಂಚಿನಲ್ಲಿ ಬರೆದಿಟ್ಟಿದ್ದೇನೆ.