ಡೇ ಕೇರ್, ತಾಯಿ ಮತ್ತು ಮಗುವಿನ ನೆಮ್ಮದಿ

ಎಳೆಯ ಮಗುವನ್ನು ಡೇ ಕೇರ್‌ನಲ್ಲಿ ಬಿಟ್ಟರೆ ತಾಯಿ-ಮಗುವಿನ ಬಾಂಧವ್ಯ ಸಡಿಲಗೊಳ್ಳುವುದೇ? ಅಮೆರಿಕದಲ್ಲಿ 1991ರಲ್ಲಿ ಆರಂಭವಾದ ಅಧ್ಯಯನವೊಂದು ಈ ಪ್ರಶ್ನೆಯನ್ನು ಹಿಡಿದು, ದೇಶದ 10 ಕಡೆಗಳ 1,364 ಮಕ್ಕಳನ್ನು ಹುಟ್ಟಿನಿಂದ ವರ್ಷಗಟ್ಟಲೆ ಗಮನಿಸಿತು. ಆ ಮಕ್ಕಳಿಗೆ 15 ತಿಂಗಳು ತುಂಬಿದಾಗ ಪರೀಕ್ಷಿಸಿದರೆ, ಡೇ ಕೇರ್‌ಗೆ ಹೋಗುವುದೊಂದೇ ಬಾಂಧವ್ಯವನ್ನು ಕೆಡಿಸಿದ್ದು ಕಂಡುಬರಲಿಲ್ಲ. ಆದರೆ ತಾಯಿ ಮಗುವಿನ ಸನ್ನೆಗಳಿಗೆ ಸ್ಪಂದಿಸುವುದು ಕಡಿಮೆಯಿದ್ದು, ಅದರ ಜೊತೆಗೆ ಕೇಂದ್ರದ ಆರೈಕೆಯೂ ಕಳಪೆಯಾಗಿದ್ದರೆ, ಅಥವಾ ಮಗು ಅಲ್ಲಿ ವಾರಕ್ಕೆ 10 ಗಂಟೆಗಿಂತ ಹೆಚ್ಚು ಕಾಲ ಕಳೆಯುತ್ತಿದ್ದರೆ, ಬಾಂಧವ್ಯ ಅಭದ್ರವಾಗುವ, ಅಂದರೆ ಮಗು ತಾಯಿಯ ಆಸರೆಯನ್ನು ನೆಚ್ಚಿಕೊಳ್ಳದಿರುವ, ಸಂಭವ ಹೆಚ್ಚಿತ್ತು. ಎಂದರೆ, 'ಮನೆಯೋ ಡೇ ಕೇರೋ' ಎಂದು ನಾವು ನಡೆಸುವ ವಾದವೇ ತುಸು ದಾರಿ ತಪ್ಪಿದ್ದು.

ಹಾಗೆಂದು ಡೇ ಕೇರ್ ಮಗುವಿಗೆ ಸಲೀಸೇನೂ ಅಲ್ಲ. ಒತ್ತಡ ಬಿದ್ದಾಗ ದೇಹದಲ್ಲಿ ಹೆಚ್ಚುವ, ಜೊಲ್ಲಿನಲ್ಲಿ ಅಳೆಯಬಹುದಾದ ಕಾರ್ಟಿಸೋಲ್ ಎಂಬ ಹಾರ್ಮೋನು ಬೆಳಿಗ್ಗೆ ಹೆಚ್ಚಿದ್ದು, ಹೊತ್ತೇರಿದಂತೆ ಇಳಿಯುವುದು ದೇಹದ ವಾಡಿಕೆ. ಮನೆಯಲ್ಲಿರುವ ದಿನ ಮಕ್ಕಳಲ್ಲಿ ಇದೇ ಇಳಿಕೆ ಕಾಣುತ್ತದೆ. ಡೇ ಕೇರ್‌ನಲ್ಲಿ ಕಳೆಯುವ ದಿನವಾದರೆ ಹಲವು ಮಕ್ಕಳಲ್ಲಿ, ಅದರಲ್ಲೂ ಮೂರು ವರ್ಷದೊಳಗಿನವರಲ್ಲಿ, ಮಧ್ಯಾಹ್ನದ ಮಟ್ಟ ಬೆಳಗಿನದನ್ನು ಮೀರುತ್ತದೆ. ಓರಗೆಯವರ ಗುಂಪಿನಲ್ಲಿ ಏಗುವುದು ಆ ವಯಸ್ಸಿಗೆ ದುಡಿಮೆಯೇ ಸರಿ. ಇಂಥ ಏರಿಕೆ ಕಂಡಮಾತ್ರಕ್ಕೆ ಮಗುವಿಗೆ ಹಾನಿಯಾಯಿತೆಂದು ತೀರ್ಮಾನಿಸಬೇಕಿಲ್ಲ.

ಮೊದಲ ದಿನಗಳನ್ನು ಹೇಗೆ ಕಳೆಯುತ್ತಾರೆ ಎಂಬುದು ಮಾತ್ರ ನಾವು ಎಣಿಸುವುದಕ್ಕಿಂತ ಮುಖ್ಯ. ಮನೋವಿಜ್ಞಾನಿ ಲೀಸೆಲೊಟ್ಟೆ ಆಹ್ನೆರ್ಟ್ ಮತ್ತು ಸಂಗಡಿಗರು ಬರ್ಲಿನ್‌ನಲ್ಲಿ 15 ತಿಂಗಳ 70 ಮಕ್ಕಳನ್ನು ಅಧ್ಯಯನ ಮಾಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾಯಿ ಜೊತೆಯಲ್ಲೇ ಕೂತಿದ್ದ ಆರಂಭದ ದಿನಗಳಲ್ಲಿ, ಭದ್ರ ಬಾಂಧವ್ಯವಿದ್ದ ಮಕ್ಕಳ ಕಾರ್ಟಿಸೋಲ್ ಇತರರಿಗಿಂತ ಕಡಿಮೆಯಿತ್ತು. ತಾಯಿ ಬಿಟ್ಟು ಹೊರಟ ಮೇಲೆ ಎಲ್ಲರಲ್ಲೂ ಏರಿತು. ಆದರೆ ಹೆಚ್ಚು ದಿನ ಜೊತೆಗಿದ್ದು ಹೊಸ ಜಾಗಕ್ಕೆ ಹೊಂದಿಸಿದ ತಾಯಂದಿರ ಮಕ್ಕಳಲ್ಲಿ, ಬಾಂಧವ್ಯ ಭದ್ರವಾಗಿಯೇ ಉಳಿಯಿತು, ಇಲ್ಲವೇ ಭದ್ರವಾಯಿತು. ಕೆಲಸಕ್ಕೆ ಹೋಗುವ ತಾಯಿಗೆ ಅಷ್ಟು ರಜೆ ಯಾರು ಕೊಡುತ್ತಾರೆ ಎಂಬುದು ವಿಜ್ಞಾನದ ಪ್ರಶ್ನೆಯಲ್ಲವಾದರೂ ಕೇಳಲೇಬೇಕಾದದ್ದು.

ಸ್ಪಂದನೆ ಎಂದರೆ ಸದಾ ಮುದ್ದಾಡುತ್ತಿರುವುದಲ್ಲ. ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೂಸಿನೊಡನೆ ನಗುತ್ತಿದ್ದ ತಾಯಿ ಒಮ್ಮೆಗೇ ಮುಖವನ್ನು ನಿರ್ಭಾವವಾಗಿಸುತ್ತಾಳೆ. ಕೂಸು ನಕ್ಕು ನೋಡುತ್ತದೆ, ಮತ್ತೆ ಯತ್ನಿಸುತ್ತದೆ, ಕಡೆಗೆ ಮುಖ ತಿರುಗಿಸಿ ಮುದುಡುತ್ತದೆ. ಆದರೆ ನಿತ್ಯದ ಒಡನಾಟದಲ್ಲಿಯೂ ತಾಯಿ-ಮಗುವಿನ ತಾಳ ಕೂಡುವ ಹೊತ್ತಿಗಿಂತ ತಪ್ಪುವ ಹೊತ್ತೇ ಹೆಚ್ಚು ಎಂಬುದನ್ನೂ ಟ್ರಾನಿಕ್ ತೋರಿಸಿದರು. ತಪ್ಪಿದ ತಾಳವನ್ನು ಮತ್ತೆ ಕೂಡಿಸಿಕೊಳ್ಳುವ ಅಭ್ಯಾಸದಿಂದಲೇ ಮಗು ಸಮಾಧಾನಗೊಳ್ಳುವುದನ್ನು ಕಲಿಯುತ್ತದೆ. ಸಂಜೆ ದಣಿದು ಬಂದ ತಾಯಿ ಅರೆಕ್ಷಣ ಸಿಡುಕಿದ್ದಕ್ಕೆ ರಾತ್ರಿಯಿಡೀ ಕೊರಗಬೇಕಿಲ್ಲ.

ಕೇಂದ್ರದಲ್ಲಿಯೂ ಲೆಕ್ಕಕ್ಕೆ ಬರುವುದು ಇಂಥ ಸ್ಪಂದನೆಯೇ. ಎರಡು ವರ್ಷದ ಮಕ್ಕಳಾದರೆ ನಾಲ್ವರಿಗೊಬ್ಬ ಪಾಲಕಿ ಎಂಬುದು ಆ ಅಮೆರಿಕನ್ ಅಧ್ಯಯನ ಬಳಸಿದ ಮಾನದಂಡ. ಹತ್ತು ಮಕ್ಕಳ ನಡುವೆ ಒಬ್ಬಳೇ ಇದ್ದರೆ, ಎಷ್ಟೇ ಒಳ್ಳೆಯವಳಾದರೂ ಒಂದು ಮಗು ಮುರಿದ ಆಟಿಕೆ ಹಿಡಿದು ಬಂದಾಗ ಬಗ್ಗಿ ನೋಡಲು ಅವಳಿಗೆ ಬಿಡುವಿರುವುದಿಲ್ಲ. ಡೇ ಕೇರ್ ಆರಿಸುವವರು ಗೋಡೆಯ ಚಿತ್ರಗಳನ್ನು ನೋಡುವ ಬದಲು ಅರ್ಧ ಗಂಟೆ ಮೂಲೆಯಲ್ಲಿ ಕೂತು, ಮಗು ಕರೆದಾಗ ಯಾರು ತಿರುಗಿ ನೋಡುತ್ತಾರೆ ಎಂದು ಗಮನಿಸಲಿ. ಆಮೇಲೆ, ಈ ಪಾಲಕಿ ಇಲ್ಲಿಗೆ ಬಂದು ಎಷ್ಟು ಕಾಲವಾಯಿತೆಂದು ವಿಚಾರಿಸಲಿ.