ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಆಟಗಾರರ ಸಂಭಾವನೆ: ಒಂದು ಅಧ್ಯಯನ ಟಿಪ್ಪಣಿ

ಅಮೆರಿಕದ ಕಾಲೇಜು ಕ್ರೀಡೆಗೆ ಹಣ ಈಚೆಗೆ ಬಂದು ಸೇರಿತೆಂದು ಭಾವಿಸಿ ಓದಲು ತೊಡಗಿದರೆ ಈ ವಿಷಯ ಕೈಗೆ ಹತ್ತುವುದಿಲ್ಲ. ಕಾಲೇಜು ಫುಟ್‌ಬಾಲ್ (ಇಲ್ಲಿ ಅಮೆರಿಕನ್ ಫುಟ್‌ಬಾಲ್) ಪಂದ್ಯಗಳ ಟಿ.ವಿ. ಪ್ರಸಾರವನ್ನು, ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆ ತನ್ನ ಹಿಡಿತದಲ್ಲೇ ಇಟ್ಟುಕೊಳ್ಳುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1984ರಲ್ಲಿ ತೀರ್ಪಿತ್ತ ಮೇಲೆ, ವಿಶ್ವವಿದ್ಯಾಲಯಗಳೂ ಅವುಗಳ ಒಕ್ಕೂಟಗಳೂ ವಾಹಿನಿಗಳೊಂದಿಗೆ ನೇರವಾಗಿ ವ್ಯವಹಾರಕ್ಕಿಳಿದವು. ಪ್ರಸಾರದ ಆದಾಯ ಬೆಳೆಯಿತು, ಅದರೊಂದಿಗೆ ತರಬೇತುದಾರರ ವೇತನವೂ ಏರಿತು. ಆಡುವವರಿಗೆ ಮಾತ್ರ ಶುಲ್ಕ, ವಸತಿ, ಊಟ ಮತ್ತು ಪುಸ್ತಕಗಳ ವೆಚ್ಚ ಭರಿಸುವ ವಿದ್ಯಾರ್ಥಿವೇತನವೇ ಮೇಲ್ಮಿತಿಯಾಗಿ ಉಳಿಯಿತು. ಈಗ ಬದಲಾಗುತ್ತಿರುವುದು ಈ ಹಂಚಿಕೆ. ಅದು ಕಾಲೇಜುಗಳ ಔದಾರ್ಯದಿಂದ ಆದದ್ದಲ್ಲ, ನ್ಯಾಯಾಲಯಗಳ ಒತ್ತಡದಿಂದ ಆದದ್ದು ಎಂಬುದನ್ನು ನಾವು ಮೊದಲೇ ಗುರುತಿಸಿಕೊಳ್ಳಬೇಕು.

ಮೊದಲ ದೊಡ್ಡ ಹೊಡೆತ ಬಿದ್ದದ್ದು ಒಂದು ವಿಡಿಯೊ ಗೇಮ್‌ನಿಂದ. 1995ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದ ಎಡ್ ಒಬ್ಯಾನನ್, ಹಲವು ವರ್ಷಗಳ ನಂತರ ಪರಿಚಿತರೊಬ್ಬರ ಮನೆಯ ಪರದೆಯ ಮೇಲೆ ತಮ್ಮನ್ನೇ ಕಂಡರು: ಅದೇ 31ನೆಯ ಸಂಖ್ಯೆಯ ಅಂಗಿ, ಅದೇ ಎಡಗೈ ಆಟ. ಹೆಸರು ಮಾತ್ರ ಇರಲಿಲ್ಲ, ಹಣವಂತೂ ಅವರಿಗೆ ಬಂದಿರಲೇ ಇಲ್ಲ. 2009ರಲ್ಲಿ ಅವರು ಹೂಡಿದ ದಾವೆಯಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ 2014ರಲ್ಲಿ, ಆಟಗಾರರಿಗೆ ಇಂತಹ ಆದಾಯದ ಪಾಲನ್ನು ನಿರಾಕರಿಸುವ ನಿಯಮಗಳು ಏಕಸ್ವಾಮ್ಯ ವಿರೋಧಿ ಕಾನೂನಿನ ಉಲ್ಲಂಘನೆ ಎಂದು ಹೇಳಿದರು. 2021ರ ಜೂನ್‌ನಲ್ಲಿ, ಮಾಜಿ ಕಾಲೇಜು ಫುಟ್‌ಬಾಲ್ ಆಟಗಾರ ಆಲ್‌ಸ್ಟನ್ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಎನ್‌ಸಿಎಎ ವಿರುದ್ಧ ನಿಂತರು. ಆ ತೀರ್ಪಿನ ವ್ಯಾಪ್ತಿ ಶಿಕ್ಷಣಕ್ಕೆ ಸಂಬಂಧಿಸಿದ ಸೌಲಭ್ಯಗಳಿಗೆ ಸೀಮಿತವಾಗಿದ್ದರೂ, ಹವ್ಯಾಸಿ ಕ್ರೀಡೆ ಎಂಬ ಕಾರಣಕ್ಕೆ ಈ ಸಂಸ್ಥೆಗೆ ಕಾನೂನಿನಿಂದ ವಿನಾಯಿತಿ ಇಲ್ಲವೆಂಬುದು ಅಲ್ಲಿಗೆ ಖಚಿತವಾಯಿತು.

ಅದೇ ವರ್ಷದ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಬಳಸಿಕೊಂಡು ಸಂಪಾದಿಸಲು ಅವಕಾಶ ದೊರೆಯಿತು. ಕ್ಯಾಲಿಫೋರ್ನಿಯಾ 2019ರಲ್ಲೇ ಈ ಬಗ್ಗೆ ಕಾನೂನು ಮಾಡಿ ದಾರಿ ತೆರೆದಿತ್ತು. ವ್ಯವಹಾರದಲ್ಲಿ ನಡೆದದ್ದು ಬೇರೆಯೇ. ಆಯಾ ಕಾಲೇಜಿನ ಶ್ರೀಮಂತ ಅಭಿಮಾನಿಗಳು ‘ಕಲೆಕ್ಟಿವ್’ ಎಂಬ ಗುಂಪುಗಳನ್ನು ಕಟ್ಟಿ ಹಣ ಕೂಡಿಸಿದರು, ಮತ್ತು ಹಲವು ಕಡೆ ಜಾಹೀರಾತು ನೆಪ ಮಾತ್ರವಾಗಿ, ಆಟಗಾರನನ್ನು ತಂಡಕ್ಕೆ ಸೆಳೆಯುವುದೇ ನಿಜವಾದ ಉದ್ದೇಶವಾಯಿತು. ಹಿಂದೆ ಕಾಲೇಜು ಬದಲಿಸಿದವರು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಬಾರಿಗೂ 2024ರಲ್ಲಿ ಎಷ್ಟು ಬಾರಿಗಾದರೂ ಆ ತಡೆ ಇಲ್ಲವಾದ ಮೇಲೆ, ಪ್ರತಿ ಋತುವಿನ ಕೊನೆಗೂ ಆಟಗಾರರ ಮಾರುಕಟ್ಟೆಯೇ ತೆರೆಯತೊಡಗಿತು. ತರಬೇತುದಾರರಿಗೆ ಮೊದಲೇ ಇದ್ದ ಈ ಸ್ವಾತಂತ್ರ್ಯ ಆಟಗಾರರಿಗೂ ದೊರೆತದ್ದು ನ್ಯಾಯವೇ ಎಂದು ನನ್ನ ಅಭಿಪ್ರಾಯ. ಆದರೆ ಕಾಲೇಜಿನಿಂದ ಕಾಲೇಜಿಗೆ ಹೋಗುವಾಗ ಪಡೆದ ಕ್ರೆಡಿಟ್‌ಗಳೆಲ್ಲವೂ ಮಾನ್ಯವಾಗುವುದಿಲ್ಲವಾದ್ದರಿಂದ, ಪದವಿ ಹಿಂದೆ ಬೀಳುವ ಅಪಾಯವನ್ನು ಲಘುವಾಗಿ ಕಾಣುವಂತಿಲ್ಲ.

ಕಾಲೇಜುಗಳೇ ನೇರವಾಗಿ ಹಣ ಕೊಡುವ ಹಂತ ಬಂದದ್ದು 2025ರಲ್ಲಿ. ಜೂನ್ 6ರಂದು ವಿಲ್ಕೆನ್ ಅವರೇ ಅನುಮೋದಿಸಿದ ‘ಹೌಸ್’ (ದಾವೆ ಹೂಡಿದ ಈಜುಗಾರ ಗ್ರಾಂಟ್ ಹೌಸ್ ಹೆಸರಿನ) ರಾಜಿ ಒಪ್ಪಂದದ ಪ್ರಕಾರ, 2016ರಿಂದ ಆಡಿದವರಿಗೆ ಹತ್ತು ವರ್ಷಗಳ ಅವಧಿಯಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ ಸಲ್ಲಬೇಕು. ಇದಲ್ಲದೆ ಒಪ್ಪಂದಕ್ಕೆ ಸೇರಿದ ಪ್ರತಿ ವಿಶ್ವವಿದ್ಯಾಲಯವೂ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ತನ್ನ ಆಟಗಾರರಿಗೆ ಹಂಚಬಹುದು. ಹಾರ್ವರ್ಡ್, ಯೇಲ್ ಮೊದಲಾದ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಐವಿ ಲೀಗ್ ಇದರಿಂದ ಹೊರಗುಳಿಯಿತು. ಇದೇ ಒಪ್ಪಂದ ತಂಡಗಳ ಗಾತ್ರಕ್ಕೂ ಮಿತಿ ಹಾಕಿತು. ಫುಟ್‌ಬಾಲ್‌ನಲ್ಲಿ 85 ವಿದ್ಯಾರ್ಥಿವೇತನಗಳ ಮಿತಿ ಹೋಗಿ, ಅದಿಲ್ಲದವರೂ ಸೇರಿ ಇಡೀ ತಂಡಕ್ಕೇ 105 ಆಟಗಾರರ ಮಿತಿ ಬಂದಾಗ, ವಿದ್ಯಾರ್ಥಿವೇತನವಿಲ್ಲದೆ ಆಟದ ಮೇಲಿನ ಪ್ರೀತಿಯಿಂದಲೇ ತಂಡದಲ್ಲಿದ್ದ ಅನೇಕರು ಜಾಗ ಕಳೆದುಕೊಳ್ಳುವ ಸ್ಥಿತಿ ಎದುರಾಯಿತು. ನ್ಯಾಯಾಧೀಶೆ ಅನುಮೋದನೆಯನ್ನು ತಡೆಹಿಡಿದು, ಅಂಥವರಿಗೆ ವಿನಾಯಿತಿ ಸೇರಿಸಿದ ನಂತರವೇ ಸಹಿ ಹಾಕಿದರು.

ಹಂಚಿಕೆಯ ಒಳಗಿನ ಪ್ರಶ್ನೆ ಇನ್ನೂ ಗಂಭೀರವಾದುದು. ಪರಿಹಾರದ ಬಹುಪಾಲು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಸಲ್ಲುತ್ತದೆ. ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ 1972ರ ‘ಟೈಟಲ್ ನೈನ್’ ಕಾನೂನು ಈ ಹಣಕ್ಕೆ ಅನ್ವಯಿಸುತ್ತದೆಂದು ಶಿಕ್ಷಣ ಇಲಾಖೆ 2025ರ ಜನವರಿಯಲ್ಲಿ ಹೇಳಿತು; ಆಡಳಿತ ಬದಲಾದ ಮೇಲೆ ಫೆಬ್ರವರಿಯಲ್ಲಿ ಅದನ್ನು ಹಿಂಪಡೆಯಿತು. ಒಪ್ಪಂದದ ವಿರುದ್ಧ ಕೆಲವು ಮಹಿಳಾ ಕ್ರೀಡಾಪಟುಗಳು ಮೇಲ್ಮನವಿ ಸಲ್ಲಿಸಿದರು. ಈಜು, ಟೆನಿಸ್, ಓಟದಂತಹ ಆಟಗಳು ಬಹುತೇಕ ಕಾಲೇಜುಗಳಲ್ಲಿ ಫುಟ್‌ಬಾಲ್ ಗಳಿಕೆಯ ಆಸರೆಯಲ್ಲೇ ನಡೆಯುವುದರಿಂದ, ಆ ಗಳಿಕೆ ಹಂಚಿಹೋದಾಗ ಮೊದಲು ಇಕ್ಕಟ್ಟಿಗೆ ಸಿಲುಕುವವು ಇವೇ. ನಮ್ಮ ದೇಶದಿಂದ ಟೆನಿಸ್ ವಿದ್ಯಾರ್ಥಿವೇತನದ ಮೇಲೆ ಅಲ್ಲಿಗೆ ಹೋಗುವವರಿಗೆ ಇದು ನೇರವಾಗಿ ತಟ್ಟುವ ಸಂಗತಿ. ಅವರ ಎಫ್-1 ಎಂಬ ವಿದ್ಯಾರ್ಥಿ ವೀಸಾ ದುಡಿಮೆಗೆ ಹಾಕುವ ನಿರ್ಬಂಧಗಳಿಂದಾಗಿ ಜಾಹೀರಾತಿನ ಹಣವೂ ಸುಲಭವಾಗಿ ದಕ್ಕುವುದಿಲ್ಲ.

ಇಡೀ ವ್ಯವಸ್ಥೆಯ ಬಿಗಿಯಾದ ಗಂಟು ಇರುವುದು ಉದ್ಯೋಗಿ ಯಾರು ಎಂಬಲ್ಲಿ. ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲೂ ವೇತನಕ್ಕೆ ಮಿತಿಯಿದೆ. ಆದರೆ ಅದು ಆಟಗಾರರ ಸಂಘದೊಂದಿಗೆ ಮಾತುಕತೆ ನಡೆಸಿ ಮಾಡಿಕೊಂಡ ಒಪ್ಪಂದವಾದ್ದರಿಂದ ಏಕಸ್ವಾಮ್ಯ ವಿರೋಧಿ ಕಾನೂನಿನ ಎದುರು ನಿಲ್ಲುತ್ತದೆ. ತಮ್ಮ ಆಟಗಾರರು ಉದ್ಯೋಗಿಗಳಲ್ಲವೆಂದು ಕಾಲೇಜುಗಳು ಸಾಧಿಸುತ್ತಿರುವವರೆಗೂ ಆಟಗಾರರಿಗೆ ಸಂಘವಿಲ್ಲ, ಸಂಘವಿಲ್ಲದೆ ಅಂತಹ ರಕ್ಷಣೆಯೂ ಇಲ್ಲ. ಹಾಗಾಗಿ ಹಣ ಹಂಚಿಕೆಯ ಹೊಸ ಮಿತಿಯನ್ನು ಮತ್ತೊಬ್ಬ ಆಟಗಾರ ಪ್ರಶ್ನಿಸಲು ಬಾಗಿಲು ತೆರೆದೇ ಇದೆ. ಡಾರ್ಟ್‌ಮತ್ ಕಾಲೇಜಿನ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ 2024ರ ಮಾರ್ಚ್‌ನಲ್ಲಿ ಸಂಘ ಕಟ್ಟಲು 13–2 ಮತಗಳಿಂದ ನಿರ್ಧರಿಸಿತ್ತು, ಆದರೆ ವರ್ಷಾಂತ್ಯದಲ್ಲಿ ಆ ಅರ್ಜಿಯನ್ನು ಹಿಂಪಡೆಯಲಾಯಿತು. ಅದೇ ವರ್ಷದ ಜುಲೈನಲ್ಲಿ, ಹವ್ಯಾಸಿಗಳೆಂಬ ಹಣೆಪಟ್ಟಿಯೊಂದರಿಂದಲೇ ಆಟಗಾರರು ಉದ್ಯೋಗಿಗಳಲ್ಲವೆಂದು ಹೇಳಲಾಗದು ಎಂದ ಮೇಲ್ಮನವಿ ನ್ಯಾಯಾಲಯವೊಂದು, ಕಾಲೇಜು ಆಟಗಾರರು ವೇತನ ಕೋರಿ ಹೂಡಿದ್ದ ಜಾನ್ಸನ್ ಪ್ರಕರಣವನ್ನು ಕೆಳ ನ್ಯಾಯಾಲಯಕ್ಕೆ ಮರಳಿ ಕಳುಹಿಸಿತು.